ಸ್ಕೀಮ್ ಕೊಟ್ಟ ಮೆಟ್ಟಿಲು

ಹೆಂಡತಿ: ಅಲ್ಲಾ ರೀ, ಆ ಕಂಪ್ಯೂಟರಿನ ಕಪ್ಪು ಪರದೆ ಮುಂದೆ ಕೈ ಕಟ್ಕೊಂಡು ಕೂತ್ರೆ ಹಲಗೆ ಕೊಯ್ಯೋರ್ಯಾರು?

ಬಡಗಿ: ಉತ್ತರ ಬರ್ಲಿ ಅಂತ ಕಾಯ್ತಿದ್ದೀನಿ ಕಣೆ.

ಹೆಂಡತಿ: ಏನು ಕೇಳಿದ್ರಿ?

ಬಡಗಿ: ಇನ್ನೂ ಏನೂ ಕೇಳಿಲ್ಲ. ಸ್ಕೀಮ್ ಅಂತ ಒಂದು ಕಂಪ್ಯೂಟರ್ ಭಾಷೆ ಇದೆಯಂತೆ, ಮಗಳು ಹೇಳ್ದಂಗೆ ಅದರ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದೆ. ಒಂದು ಬಾಣದ ಗುರುತು ಬಂತು, ಸುಮ್ಮನಾಯ್ತು.

ಹೆಂಡತಿ: ಪಾಪ, ಅದೂ ನಿಮ್ಮ ಬಾಯಿ ನೋಡ್ತಾ ಕೂತಿದೆ.

ಬಡಗಿ ತಲೆ ಕೆರೆದುಕೊಂಡ. ಭಾವನ ಮನೆಗೆ ಅವನು ಮಾಡಿಕೊಟ್ಟ ಮರದ ಮೆಟ್ಟಿಲಲ್ಲಿ ಕೊನೆಯದೊಂದು ಗಿಡ್ಡ. ಹತ್ತಿದವರೆಲ್ಲ ಅಲ್ಲೇ ಮುಗ್ಗರಿಸುತ್ತಿದ್ದರು. ನಿನ್ನೆ ಭಾವನೇ ಮಕಾಡೆ ಬಿದ್ದಿದ್ದ. ಎಲ್ಲ ಬಿಚ್ಚಿ ಹೊಸದಾಗಿ ಕೂರಿಸಬೇಕು. ಮೆಟ್ಟಿಲುಗಳನ್ನು ಹೊರುವ ಓರೆ ಪಟ್ಟಿ ಕೊಯ್ಯಲು ಉಳಿದಿದ್ದ ಹಲಗೆ ಒಂದೇ. ಈ ಸಲವೂ ತಪ್ಪಾಗಿ ಕೊಯ್ದರೆ ಭಾವನ ಹೊಸ್ತಿಲು ತುಳಿಯುವ ಹಾಗಿಲ್ಲ.

ಹೆಂಡತಿ: ಫೋನಲ್ಲೇ ಲೆಕ್ಕ ಹಾಕಬಾರದಾ?

ಬಡಗಿ: ಹೋದ ಸಲ ಹಾಕಿದ್ದು ಅದರಲ್ಲೇ. ಒಂದು ಮೆಟ್ಟಿಲಿಗೆ ಆರೂ ಮುಕ್ಕಾಲು ಇಂಚು, ಇನ್ನೂ ಚೂರು ಅಂತೇನೋ ಬಂತು. ಹೋಗ್ಲಿ ಅಂತ ಏಳು ಮಾಡಿದೆ.

ಹೆಂಡತಿ: ಆ ‘ಹೋಗ್ಲಿ’ಗೇ ನಮ್ಮಣ್ಣನ ಮೂಗು ಹೋಗಿದ್ದು!

ಬಡಗಿ: ಅದಕ್ಕೇ ಇದು. ಚೂರೂ ಬಿಡದೆ ಹೇಳುತ್ತಂತೆ. ಒಂದೇ ತೊಂದರೆ, ಏನು ಮಾಡಬೇಕು ಅಂತ ಮೊದಲು ಹೇಳಬೇಕಂತೆ, ಯಾವುದನ್ನ ಅಂತ ಆಮೇಲೆ.

ಹೆಂಡತಿ: ಅದರಲ್ಲೇನು ಕಷ್ಟ? ನಾನು ದಿನಾ ಹಾಗೇ ಹೇಳ್ತೀನಿ. ತಗೊಂಬನ್ನಿ ಅಂತ ಮೊದಲು, ಏನನ್ನ ಅಂತ ಆಮೇಲೆ.

ಅವನು ಒಂದೇ ಬೆರಳಲ್ಲಿ ಬ್ರಾಕೆಟ್ ತೆರೆದ. ಭಾಗಿಸುವ ಗೀಟು ಹಾಕಿದ. ಒಟ್ಟು ಎತ್ತರ ನೂರಹತ್ತು ಇಂಚು, ಮೆಟ್ಟಿಲು ಹದಿನಾರು. ಎಂಟರ್ ಒತ್ತಿದ. ಪರದೆ ತುಟಿಪಿಟಿಕ್ಕೆನ್ನಲಿಲ್ಲ. ಮತ್ತೆ ಒತ್ತಿದ.

ಬಡಗಿ: ನನ್ನ ಕೈಗುಣ ನೋಡು. ಮರ ಕೆಟ್ಟಿದ್ದಾಯ್ತು, ಈಗ ಕಂಪ್ಯೂಟರೂ ಕೆಡ್ತು.

ಹೆಂಡತಿ: ಬ್ರಾಕೆಟ್ ತೆಗೆದ್ರಲ್ಲ, ಮುಚ್ಚಿದ್ರಾ?

ಬಡಗಿ: ಮುಚ್ಚಲೇಬೇಕಾ?

ಹೆಂಡತಿ: ಕಪಾಟು ತೆಗೆದ್ರೂ ಹಾಗೇ ಬಿಟ್ಟು ಹೋಗ್ತೀರಿ. ನಾನು ಹಿಂದಿಂದ ಬಂದು ಮುಚ್ಚಿದ ಹಾಗೆ ಅದೂ ಮುಚ್ಚುತ್ತೆ ಅಂದ್ಕೊಂಡ್ರಾ?

ಮುಚ್ಚಿದ. ಎಂಟರ್. ತಟ್ಟನೆ ಮೂಡಿತು: 55/8.

ಬಡಗಿ: ನೋಡಿದ್ಯಾ ಇದರ ಕೊಬ್ಬು! ಭಾಗಿಸಿ ಕೊಡಪ್ಪಾ ಅಂದ್ರೆ, ನೀನೇ ಭಾಗಿಸ್ಕೋ ಅಂತ ವಾಪಸ್ ಕೊಡ್ತು!

ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಡತಿ ಕೊರಳಲ್ಲಿದ್ದ ಅಳತೆ ಟೇಪು ಎಳೆದು ಹಲಗೆಯ ಮೇಲೆ ಚಾಚಿದಳು.

ಹೆಂಡತಿ: ಒಂದು ಇಂಚಲ್ಲಿ ಎಷ್ಟು ಪುಟ್ಟ ಮನೆ ಇವೆ?

ಬಡಗಿ: ಎಂಟು.

ಹೆಂಡತಿ: ಅಂಥ ಐವತ್ತೈದು ಮನೆ ಎಣಿಸಿ ಅಂತ ಅದು ಹೇಳಿದ್ದು. ಆರು ಇಂಚು ಆಗಿ ಏಳು ಮನೆ. ಇಗೋ, ಇಲ್ಲಿ.

ಬಡಗಿ ಬಗ್ಗಿ ನೋಡಿದ. ಅವಳು ಉಗುರಿಟ್ಟ ಜಾಗ ಟೇಪಿನ ಗೆರೆಗೆ ಸರಿಯಾಗಿ ಬಂದಿತ್ತು. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಅವಳ ಕೈಗೇ ಕೊಟ್ಟ.

ಬಡಗಿ: ಗುರುತು ನೀನೇ ಹಾಕು. ಭಾವ ಕೇಳಿದ್ರೆ ಕಂಪ್ಯೂಟರ್ ಹೇಳ್ತು ಅಂತೀನಿ.

ಹೆಂಡತಿ: ಯಾಕೆ, ನಾನು ಹೇಳಿದ್ದು ಅಂದ್ರೆ ನಾಲಿಗೆ ಸವೆಯುತ್ತಾ?

ಬಡಗಿ: ಸವೆಯಲ್ಲ ಕಣೆ. ಆದ್ರೆ ಇಷ್ಟು ವರ್ಷ ಅವಳನ್ನ ಯಾಕಯ್ಯಾ ಕೇಳಲಿಲ್ಲ ಅಂತ ಭಾವ ಅಂದ್ರೆ, ಅದಕ್ಕೆ ಯಾವ ಕಂಪ್ಯೂಟರಲ್ಲೂ ಉತ್ತರ ಇಲ್ಲ.