ನಾಲ್ಕು ಅಂಕಿಯ ಮಾತು

ಬೇಗಂ ಬಜಾರ್ ಈ ಭೂಮಿಯ ಮೇಲೆ ಇರುವ ತನಕ ನನ್ನ ಹೊಸ್ತಿಲ ಮೇಲೆ ಒಂದೇ ಒಂದು ಪಾರ್ಸೆಲ್ಲೂ ಇಳಿಯಕೂಡದು!

ಹೀಗೆಂದು ಅಮರೇಶಪ್ಪ ಘೋರ ಶಪಥ ಮಾಡಿದ್ದು ಮಲ್ಕಾಜ್‌ಗಿರಿಯ ತನ್ನ ಮೂರನೇ ಮಹಡಿಯ ಮನೆಯಲ್ಲಿ, ಹೆಂಡತಿ ಶಿವಗಂಗಾಳ ಎದುರಿಗೆ, ಕೈಯಲ್ಲಿ ಚಹದ ಕಪ್ಪು ಹಿಡಿದುಕೊಂಡು. ರೈಲ್ವೆ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ಫಿಟ್ಟರ್ ಅವನು. ಯಾವ ಸಾಮಾನನ್ನೂ ಬೆರಳಿನಿಂದ ಬಾರಿಸಿ, ಕಿವಿಗೆ ಹಿಡಿದು, ಬಿಸಿಲಿಗೆ ಎತ್ತಿ ನೋಡದೆ ಕೊಂಡವನಲ್ಲ. ಅವನು ಬರುವುದು ಕಂಡರೆ ಬೇಗಂ ಬಜಾರಿನ ಅಂಗಡಿಯವರು ಗಾಜಿನ ಸಾಮಾನನ್ನೆಲ್ಲ ಒಳಗೆ ಎತ್ತಿಡುತ್ತಿದ್ದರು.

"ಮುಟ್ಟಿ ನೋಡ್ದ ತಗೊಳ್ಳೋದು ಅಂದ್ರ ಮುಖ ನೋಡ್ದ ಲಗ್ನ ಆದಂಗ," ಅಂದ ಅಮರೇಶಪ್ಪ.

"ನನ್ನ ಮುಖ ಮೂರು ಸಲ ಬಂದು ನೋಡಿ ಹೋಗಿದ್ರಿ. ಏನ್ ಕಂಡು ಹಿಡದ್ರಿ?" ಅಂದಳು ಶಿವಗಂಗಾ.

ಅಮರೇಶಪ್ಪ ಚಹ ಕುಡಿದ. ಅವನದು ಮಾತು ಕಮ್ಮಿ. ದೇವರು ದಿನಕ್ಕೆ ಇಪ್ಪತ್ತು ಮಾತು ಕೊಟ್ಟಿದ್ದರೆ ಹದಿನೈದನ್ನು ವರ್ಕ್‌ಶಾಪಿನಲ್ಲೇ ಮುಗಿಸಿ ಬರುತ್ತಿದ್ದ. ಉಳಿದ ಐದರಲ್ಲಿ ಸಂಸಾರ ನಡೆಯಬೇಕು.

ಶಿವಗಂಗಾಳಿಗೆ ಮೊಣಕಾಲು ನೋವು. ಮೂರು ಮಹಡಿ ಇಳಿದು, ಬಸ್ಸು ಹಿಡಿದು, ಬಜಾರಿನಲ್ಲಿ ನೂಕಾಡಿ, ಮತ್ತೆ ಮೂರು ಮಹಡಿ ಹತ್ತುವುದಕ್ಕಿಂತ ಸಾಮಾನೇ ಮನೆ ಹುಡುಕಿಕೊಂಡು ಬರುವುದು ಅವಳಿಗೆ ದೊಡ್ಡ ವರವಾಗಿತ್ತು. ತನ್ನ ಫೋನಿನಲ್ಲಿ ಜಾಗವಿಲ್ಲವೆಂದು ಸಾಮಾನು ತರಿಸುವ ಆ್ಯಪನ್ನು ಗಂಡನ ಫೋನಿನಲ್ಲೇ ಹಾಕಿಕೊಂಡಿದ್ದಳು. ನಂಬರು ಮಾತ್ರ ತನ್ನದು ಕೊಟ್ಟಿದ್ದಳು. ಗಂಡ ಶಪಥ ಮಾಡಿ ಮುಗಿಸಿದ ಮೇಲೆ ಅದೇ ಫೋನನ್ನು ಕಸಿದುಕೊಂಡು ಒಂದು ಸೀರೆ ಆರ್ಡರ್ ಮಾಡಿದಳು. ರಾಯಚೂರಿನಲ್ಲಿ ತಂಗಿಗೆ ಹೆರಿಗೆಯಾಗಿತ್ತು, ಕೂಸಿನ ತೊಟ್ಟಿಲ ಕಾರ್ಯವಿತ್ತು. ಬದನೆಕಾಯಿ ಬಣ್ಣದ ಸೀರೆ, ಹಸಿರು ದಡಿ.

ಸೀರೆ ಬಂದಾಗ ಶಿವಗಂಗಾ ಬಚ್ಚಲಲ್ಲಿದ್ದಳು. ಬಾಗಿಲಲ್ಲಿ ಯಾದಗಿರಿ ನಿಂತಿದ್ದ. ಐವತ್ತು ದಾಟಿದ ಡೆಲಿವರಿಯವನು, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ. ಅಮರೇಶಪ್ಪ ಎದೆ ಸೆಟೆಸಿ, ಕೋಟೆ ಕಾಯುವ ಕಿಲ್ಲೇದಾರನ ಹಾಗೆ ಕೈ ಅಡ್ಡ ಇಟ್ಟು ಗರ್ಜಿಸಿದ: "ನಕ್ಕೋ! ವಾಪಸ್ ಲೇಕೇ ಜಾವ್!"

ಶಿವಗಂಗಾ ತಲೆ ಒರೆಸಿಕೊಳ್ಳುತ್ತ ಬಂದಳು.

"ಯಾರ್ ಬಂದಿದ್ರು?"

"ಡಬ್ಬಿ."

"ಎಲ್ಲೈತಿ?"

"ಹೋತು."

ಮತ್ತೆ ಹುಡುಕಿದರೆ ಆ ಬಣ್ಣ ಮುಗಿದುಹೋಗಿತ್ತು. ಶಿವಗಂಗಾ ಕೂಗಾಡಲಿಲ್ಲ. ಕೂಗಾಡಿದ್ದರೆ ಅಮರೇಶಪ್ಪ ಬದುಕಿಕೊಳ್ಳುತ್ತಿದ್ದ. ಎರಡು ಮದುವೆಗೆ ಉಟ್ಟು ಹಳೆಯದಾದ ಸೀರೆಯನ್ನೇ ಚೀಲಕ್ಕೆ ತುರುಕಿ, "ಎಂಟು ದಿನಕ್ಕ ಬರ್ತೀನಿ" ಅಂದು ಕಾಚಿಗೂಡದಲ್ಲಿ ರಾಯಚೂರು ಕಡೆಯ ರೈಲು ಹತ್ತಿದಳು. ಎಂಟು ಹೋಯಿತು, ಹತ್ತು ಹೋಯಿತು. ತಂಗಿಯ ಬಾಣಂತನ ಅಂತ ನೆವ. ಒಂದು ಫೋನಿಲ್ಲ. ಅಮರೇಶಪ್ಪನೂ ಮಾಡಲಿಲ್ಲ. ಗಂಡಸು! ಮೇಲಾಗಿ, ಮಾಡಿದರೆ ಏನಂತ ಹೇಳುವುದು?

ಮನೆಯಲ್ಲಿ ಇದ್ದವರೇ ಇಬ್ಬರು. ಒಬ್ಬರು ಹೋದರೆ ಅರ್ಧ ಉಳಿಯಬೇಕು. ಲೆಕ್ಕ ಹಾಗಾಗಲಿಲ್ಲ, ಏನೂ ಉಳಿಯಲಿಲ್ಲ. ರೂಢಿಯಂತೆ ಎರಡು ಕಪ್ಪು ಚಹ ಸೋಸುತ್ತಿದ್ದ, ಎರಡನ್ನೂ ತಾನೇ ಕುಡಿಯುತ್ತಿದ್ದ. ಕುಕ್ಕರು ಸೀಟಿ ಹೊಡೆದರೆ ಅದಕ್ಕೆ ಬೈಯುವವರಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಕೆಲಸಕ್ಕೆ ಹೊರಟವನು ಮೆಟ್ಟಿಲ ಮೇಲೆ ನಿಂತು, ಒಳಗಿಂದ ಯಾರೋ "ಛತ್ರಿ ತಗೊಂಡ್ರಿಲ್ಲೋ?" ಅಂತ ಕೇಳಬಹುದೆಂದು ಕಾಯುತ್ತಿದ್ದ. ಜನವರಿ ತಿಂಗಳು. ಮಳೆಯೇ ಇಲ್ಲ!

ಹನ್ನೆರಡನೇ ದಿನ ಯಾದಗಿರಿ ಮತ್ತೆ ಬಂದ. ಶಿವಗಂಗಾ ಹೋಗುವ ಮೊದಲೇ ಆರ್ಡರ್ ಮಾಡಿಟ್ಟಿದ್ದ ಇಸ್ತ್ರಿ ಪೆಟ್ಟಿಗೆ ತಡವಾಗಿ ಬಂದಿತ್ತು. ಈ ಸಲ ಅಮರೇಶಪ್ಪ ಗರ್ಜಿಸಲಿಲ್ಲ. ಅವಳು ಬೇಕೆಂದು ತರಿಸಿದ್ದು. ಅದನ್ನು ಒಳಗೆ ಕರೆಯುವ ಮನಸ್ಸಾಯಿತು.

"ಓಟಿಪಿ ಬೋಲೋ ಅಣ್ಣಾ," ಅಂದ ಯಾದಗಿರಿ.

ಓಟಿಪಿ ಹೋಗಿದ್ದು ರಾಯಚೂರಿಗೆ! ಅದನ್ನು ಹೇಳದೆ ಯಾದಗಿರಿ ಪೆಟ್ಟಿಗೆ ಬಿಡುವುದಿಲ್ಲ. ಅಮರೇಶಪ್ಪ ಎರಡು ಸಲ ಕೆಮ್ಮಿ, ಅಂಗಿಯ ಗುಂಡಿ ಹಾಕಿಕೊಂಡು, ಫೋನ್ ಮಾಡಿದ.

"ಹಲೋ."

"ಹಾಂ. ಓಟಿಪಿ ಅಂತ."

"ಯಾರಿಗೆ ಬೇಕಂತ?"

"ಯಾದಗಿರಿಗೆ."

"ಬರ್ಕೋರಿ. ನಾಕು... ಏಳು... ಒಂದು... ಒಂಬತ್ತು."

ಫೋನ್ ಕಟ್ಟಾಯಿತು. ಕೈಗೆ ಕಾಗದ ಸಿಗದೆ ಅಮರೇಶಪ್ಪ ಗೋಡೆಯ ಕ್ಯಾಲೆಂಡರಿನ ಮೇಲೇ ಬರೆದುಕೊಂಡಿದ್ದ. ಯಾದಗಿರಿ ಹೋದ ಮೇಲೂ ಅದನ್ನೇ ನೋಡುತ್ತ ನಿಂತ. 'ಒಂಬತ್ತು' ಅನ್ನುವಾಗ ಅವಳ ದನಿ ಕೊನೆಗೆ ತುಸು ಕೆಳಗಿಳಿಯುತ್ತದೆ. ಹದಿನೇಳು ವರ್ಷ ಸಂಸಾರ ಮಾಡಿದ್ದಾನೆ, ಇದು ಅವನಿಗೆ ಗೊತ್ತೇ ಇರಲಿಲ್ಲ! ಆ ಸಂಜೆ ಅವನು ಎರಡನೇ ಕಪ್ಪು ಚಹವನ್ನು ಖುಷಿಯಿಂದ ಕುಡಿದ.

ಎರಡು ದಿನಕ್ಕೆ ಆ ದನಿಯ ಬಿಸಿ ಆರಿತು. ಮೂರನೇ ದಿನ, ಬೇಗಂ ಬಜಾರಿನ ಆ ಮಹಾ ಸೇನಾನಿ ಸೋಫಾದ ಮೂಲೆಯಲ್ಲಿ ಕಳ್ಳನಂತೆ ಕೂತು ಆ್ಯಪ್ ತೆರೆದು ಒಂದು ಬಾಚಣಿಗೆ ಆರ್ಡರ್ ಮಾಡಿದ.

ಬಾಚಣಿಗೆ ಬಂತು. ಯಾದಗಿರಿ ಅದನ್ನು ಕೈಗಿಟ್ಟು ಮೆಟ್ಟಿಲು ಇಳಿದೇಬಿಟ್ಟ. ಅಮರೇಶಪ್ಪ ಬರಿಗಾಲಲ್ಲಿ ಬೆನ್ನು ಹತ್ತಿದ.

"ಯಾದಗಿರೀ! ಓಟಿಪಿ?"

"ಛೋಟಾ ಐಟಂಕು ಓಟಿಪಿ ನೈ ರೈತಾ ಅಣ್ಣಾ. ಬಡಾ ಐಟಂಕೂಚ್!"

ಸಣ್ಣ ಸಾಮಾನಿಗೆ ಓಟಿಪಿ ಇಲ್ಲ, ದೊಡ್ಡದಕ್ಕೆ ಮಾತ್ರ! ಕೈಯಲ್ಲಿ ಬಾಚಣಿಗೆ ಹಿಡಿದು, ಅರ್ಧ ಬೋಳಾದ ತಲೆಯ ಮನುಷ್ಯ ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತಿದ್ದ.

ಮರುದಿನ ಟೇಬಲ್ ಫ್ಯಾನ್ ಆರ್ಡರ್ ಮಾಡಿದ.

"ಎರಡು... ಎರಡು... ಎಂಟು... ಸೊನ್ನೆ," ಅಂದಳು ಶಿವಗಂಗಾ. ಫೋನ್ ಇಡಲಿಲ್ಲ. "ಫ್ಯಾನ್ ಅಂತ ಮೆಸೇಜ್ ಬಂದೈತಿ. ಈ ಥಂಡ್ಯಾಗ?"

"ಹೂಂ."

ಕಟ್. ಆದರೂ ಮೊದಲಿಗಿಂತ ಆರು ಮಾತು ಹೆಚ್ಚು! ಅಷ್ಟರಲ್ಲಿ ಅವನಿಗೆ ಆ್ಯಪಿನಲ್ಲಿ ಇನ್ನೊಂದು ನಿಧಿ ಸಿಕ್ಕಿತು. ಸಾಮಾನು ವಾಪಸ್ ಕೊಡಬಹುದಂತೆ. ಕೊಟ್ಟ ಹಣ ತಿರುಗಿ ಬರುತ್ತದಂತೆ. ವಾಪಸ್ ಒಯ್ಯಲು ಬಂದಾಗಲೂ ಓಟಿಪಿ ಬೇಕಂತೆ! ಅಂದರೆ ಒಂದು ಸಾಮಾನಿಗೆ ಎರಡು ಫೋನು! ಅಮರೇಶಪ್ಪ ಆ್ಯಪ್ ಕಂಡುಹಿಡಿದವನಿಗೆ ಮನಸ್ಸಿನಲ್ಲೇ ಕೈ ಮುಗಿದ.

ವಾಪಸ್ ಯಾಕೆ ಅಂತ ಆ್ಯಪ್ ಕೇಳಿತು. ಸೈಜ್ ಸರಿಯಿಲ್ಲ, ಬಣ್ಣ ಸರಿಯಿಲ್ಲ, ಮುರಿದಿದೆ, ಬೇರೆ ಕಾರಣ. ಅಮರೇಶಪ್ಪ ಸುಳ್ಳು ಹೇಳುವವನಲ್ಲ. 'ಬೇರೆ ಕಾರಣ' ಒತ್ತಿದ. ಕೆಳಗೆ 'ವಿವರಿಸಿ' ಅಂತ ಒಂದು ಖಾಲಿ ಚೌಕ ತೆರೆಯಿತು. ಅದರ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕಾಲು ಗಂಟೆ ಕೂತ. ಖಾಲಿಯೇ ಕಳಿಸಿದ.

"ಮೂರು... ಆರು... ಐದು... ಐದು. ಯಾಕ್ ವಾಪಸ್?"

"ಗಾಳಿ ಭಾಳ ಬರ್ತೈತಿ."

ಆ ಕಡೆ ಒಂದು ಸದ್ದಾಯಿತು. ಕೆಮ್ಮೋ ನಗುವೋ ತಿಳಿಯಲಿಲ್ಲ. ನಗುವೇ ಇರಬೇಕೆಂದು ಅಮರೇಶಪ್ಪ ಮೂರು ದಿನ ಅಂದುಕೊಂಡ.

ಆಮೇಲೆ ಸೂಟ್‌ಕೇಸ್ ಬಂತು.

"ಯಾವೂರಿಗೆ ಹೊಂಟೀರಿ?" ಅಂದಳು. ದನಿಯಲ್ಲಿ ಏನೋ ಇತ್ತು.

'ರಾಯಚೂರಿಗೆ' ಅನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. "ಎಲ್ಲಿಗೂ ಇಲ್ಲ," ಅಂದ.

ವಾಪಸ್ ಹೋಗುವಾಗ ಅವಳೇ ಅಂದಳು: "ಹೌದ್ ಬಿಡ್ರಿ, ಎಲ್ಲಿಗೂ ಹೋಗದವ್ರಿಗೆ ಯಾಕ ಬೇಕು!" ಕಟ್.

ಮಿಕ್ಸರ್ ಬಂತು, ಹೋಯಿತು. ಗೋಡೆ ಗಡಿಯಾರ ಬಂತು, ಹೋಯಿತು. ಒಂದೊಂದು ನಂಬರನ್ನೂ ಅಮರೇಶಪ್ಪ ಆಯಾ ತಾರೀಖಿನ ಕೆಳಗೆ ದುಂಡಗೆ ಬರೆದ. ಎದುರು ಮನೆಯ ವೇದವತಿ, ಧಾರವಾಡದವರು, ಒಂದು ಮಧ್ಯಾಹ್ನ "ಒಬ್ಬರೇ ಇದ್ದೀರಿ" ಅಂತ ಪುಂಡಿಪಲ್ಯ ಕೊಡಲು ಬಂದರು. ಕ್ಯಾಲೆಂಡರ್ ನೋಡಿದರು. ತಾರೀಖಿನ ಕೆಳಗೆಲ್ಲ ನಾಲ್ಕು ನಾಲ್ಕು ಅಂಕಿ! ಬಾಗಿಲ ಬಳಿ ಪ್ಯಾಕ್ ಮಾಡಿ ಹೊರಗೆ ಹೋಗಲು ತಯಾರಾಗಿದ್ದ ಮಿಕ್ಸರ್ ಅನ್ನೂ ಆವತ್ತೇ ನೋಡಿದ್ದರು. ಎರಡಕ್ಕೆ ಎರಡು ಕೂಡಿಸಿದರು. ಸಂಜೆಯೇ ರಾಯಚೂರಿಗೆ ಸುದ್ದಿ ಹೋಯಿತು: ನಿನ್ನ ಗಂಡ ಮಟಕಾ ಆಡಾಕತ್ತಾನವಾ! ಮನೀ ಸಾಮಾನು ಒಂದೊಂದ ಮಾರಾಕತ್ತಾನ!

ಇದಾವುದೂ ಅಮರೇಶಪ್ಪನಿಗೆ ಗೊತ್ತಿಲ್ಲ. ಅವನು ಬೇರೊಂದು ಶಿಖರದ ಮೇಲೆ ಕಣ್ಣಿಟ್ಟಿದ್ದ. ಬಹಳ ದೊಡ್ಡ ಸಾಮಾನಿಗೆ ಓಟಿಪಿ ನಾಲ್ಕಲ್ಲ, ಆರು ಅಂಕಿ ಅಂತ ಯಾದಗಿರಿ ಮಾತಿನ ನಡುವೆ ಹೇಳಿದ್ದ. ಆರು! ಅವಳ ಬಾಯಿಂದ ಇನ್ನೂ ಎರಡು ಅಂಕಿ! ಆ ಎರಡು ಅಂಕಿಯ ಆಸೆಗೆ ಅಮರೇಶಪ್ಪ ಒಂದು ವಾಶಿಂಗ್ ಮಷೀನ್ ಆರ್ಡರ್ ಮಾಡಿದ.

ರವಿವಾರ ಬೆಳಿಗ್ಗೆ ಯಾದಗಿರಿಯೂ ಇನ್ನೊಬ್ಬನೂ ಆ ಆನೆಯನ್ನು ಹೊತ್ತು, ನಡುವೆ ಏಳು ಸಲ ನಿಂತು, ಮೂರನೇ ಮಹಡಿ ತಲುಪಿದರು. ಎರಡು ಬಾಗಿಲ ನಡುವಿನ ಜಾಗದಲ್ಲಿ ಮಷೀನ್ ಬಿರಡೆಯ ಹಾಗೆ ಕೂತಿತು. ಎದುರು ಬಾಗಿಲು ಗೇಣಷ್ಟೇ ತೆರೆಯಿತು. ಆ ಸಂದಿಯಲ್ಲಿ ವೇದವತಿಯ ಅರ್ಧ ಮುಖ ಕಂಡಿತು. ಮೇಲಿನ ಮಹಡಿಯವರು ಇಳಿಯಲಾಗದೆ ನಿಂತರು, ಕೆಳಗಿಂದ ತರಕಾರಿ ತಂದವರು ಹತ್ತಲಾಗದೆ ನಿಂತರು.

"ಓಟಿಪಿ, ಅಣ್ಣಾ," ಅಂದ ಯಾದಗಿರಿ, ಬೆವರು ಒರೆಸುತ್ತ.

ಅಮರೇಶಪ್ಪ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಆರನೇ ಸಲ ಕಟ್ಟೇ ಮಾಡಿದಳು. ಓಟಿಪಿ ಇಲ್ಲದೆ ಒಳಗೆ ತಳ್ಳುವ ಹಾಗಿಲ್ಲ. ಪ್ರಾಣ ಹೋದರೂ ಮತ್ತೆ ಕೆಳಗೆ ಇಳಿಸುವುದಿಲ್ಲ ಅಂತ ಇಬ್ಬರೂ ಮಷೀನಿಗೆ ಒರಗಿ ಕೂತರು. ಮೇಲಿನವರು ತೆಲುಗಿನಲ್ಲಿ ಬೈದರು, ಕೆಳಗಿನವರು ಹಿಂದಿಯಲ್ಲಿ ಬೈದರು.

"ನನ್ ಫೋನ್ ಎತ್ತತಾಳ ತಡೀರಿ," ಅಂದರು ವೇದವತಿ. ತಾವೇ ಫೋನ್ ಹಚ್ಚಿ, ಒಂದು ಮಾತೂ ತಪ್ಪಬಾರದೆಂದು ಸ್ಪೀಕರ್ ಒತ್ತಿ, ಸಂದಿಯಿಂದ ಕೈ ಚಾಚಿದರು. "ಶಿವಗಂಗಾ, ನಿನ್ನ ಗಂಡ ಮಾತಾಡ್ತಾರಂತ ನೋಡವಾ."

"ಅವ್ರು? ಮಾತು? ಯಾವಾಗ ಕಲ್ತಾರ‍್ರಿ ಅಕ್ಕಾರ?" ಇಡೀ ಮೆಟ್ಟಿಲಿಗೆ ಕೇಳಿಸಿತು.

"ಓಟಿಪಿ..." ಅಂದ ಅಮರೇಶಪ್ಪ.

"ಕೊಡಂಗಿಲ್ಲ! ಕ್ಯಾಲೆಂಡರ್ ತುಂಬ ಮಟಕಾ ನಂಬರಂತ! ಮನೀ ಸಾಮಾನೆಲ್ಲ ಹೊರಗ ಹೊಂಟಾವಂತ! ಯಾವ ಭಾಡ್ಯಾ ಹೇಳಿದ ನಂಬರ್ ಅವು? ಹೆಸರು ಹೇಳ್ರಿ!"

"ನೀ."

"ಏನಂದ್ರಿ?"

"ನೀನ ಹೇಳಿದ್ದು. ನಾಕು ಏಳು ಒಂದು ಒಂಬತ್ತು, ಇಸ್ತ್ರಿ ಪೆಟಗಿ. ಎರಡು ಎರಡು ಎಂಟು ಸೊನ್ನೆ, ಫ್ಯಾನು. ಮೂರು ಆರು ಐದು ಐದು, ಫ್ಯಾನ್ ವಾಪಸ್..." ಕ್ಯಾಲೆಂಡರ್ ಒಳಗಿತ್ತು. ಅಮರೇಶಪ್ಪ ಹೊರಗೆ ನಿಂತು ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಗಡಿಯಾರ ವಾಪಸ್ ಹೋಗುವವರೆಗೂ ಒಪ್ಪಿಸಿದ. ಒಂದೂ ತಪ್ಪಲಿಲ್ಲ.

ರಾಯಚೂರಿನ ದನಿ ಇಳಿಯಿತು.

"ಓಟಿಪಿ ಯಾರರ ಬಾಯಿಪಾಠ ಮಾಡ್ತಾರೇನ್ರಿ? ಯಾಕ ಬರದಿಟ್ರಿ ಅವನ್ನ?"

ವೇದವತಿಯ ಅರ್ಧ ಮುಖ ಮುಕ್ಕಾಲಾಯಿತು. ಮೇಲಿನವರು ಎರಡು ಮೆಟ್ಟಿಲು ಕೆಳಗೆ ಬಂದರು. ಅಮರೇಶಪ್ಪ ಮಷೀನಿನ ರಟ್ಟನ್ನು ಉಗುರಿನಿಂದ ಕೆರೆದ.

"ಬ್ಯಾರೆ ಏನೂ ಮಾತಾಡಲಿಲ್ಲಲ್ಲ ನೀ," ಅಂದ. "ಇದ್ದದ್ದ ಅಷ್ಟು. ಅದನ್ನ ಇಟ್ಕೊಂಡೆ."

ಕೆಳಗಿನವರು ತರಕಾರಿ ಚೀಲ ಮೆಟ್ಟಿಲ ಮೇಲೆ ಇಳಿಸಿದರು.

"ಸೀರಿ ವಾಪಸ್ ಕಳಿಸಿದ್ದು ತಪ್ಪಾತು," ಅಂತಲೂ ಅಂದ. ಆ ದಿನದ ಮಾತೆಲ್ಲ ಅಲ್ಲಿಗೆ ಖರ್ಚಾಯಿತು.

"ಅಲ್ರೀ!" ಶಿವಗಂಗಾಳ ದನಿ ಒಡೆದಿತ್ತು, ಆದರೂ ಏರಿತು. "ಇಷ್ಟು ಹೇಳಾಕ ಬರೇ ಒಂದು ಫೋನ್ ಸಾಕಿತ್ತಲ್ರೀ! ಆ ಮನಶ್ಯಾನ ಬೆನ್ನಿನ ಮ್ಯಾಲ ವಾಶಿಂಗ್ ಮಷೀನ್ ಯಾಕ ಹೊರಸಿದ್ರಿ!"

ಯಾದಗಿರಿಗೆ ಕನ್ನಡ ಬಾರದು. ಆದರೆ ಇದು ಅರ್ಥವಾಯಿತು. "ಸಹೀ ಬೋಲ್ರೇ ಭಾಭಿ!" ಅಂತ ಒಪ್ಪಿದ.

ಶಿವಗಂಗಾ ಆರೂ ಅಂಕಿ ಹೇಳಿದಳು. ಒಂದೊಂದನ್ನೂ ನಿಧಾನವಾಗಿ, ಸಣ್ಣ ಕೂಸಿಗೆ ತುತ್ತು ಇಟ್ಟ ಹಾಗೆ. ಆಮೇಲೆ ಆಜ್ಞೆ ಬಂತು: "ಅದನ್ನ ವಾಪಸ್ ಗೀಪಸ್ ಕಳಿಸೀರಿ ಮತ್ತ! ಬಾಣಂತಿ ಬಟ್ಟಿ ಒಗದು ಒಗದು ನನ್ ಕೈ ಬಿದ್ದಾವ. ಇನ್ನ ಹದಿನೈದು ದಿನ ಐತಿ ಇಲ್ಲೆ. ಅಲ್ಲೀತನ ದಿನಾ ಸಂಜಿಗೆ ಫೋನ್ ಮಾಡ್ರಿ. ಏನೂ ತರಿಸ್ದ!"

ಮರುದಿನ ಸಂಜೆ ಅಮರೇಶಪ್ಪ ಸ್ನಾನ ಮಾಡಿ, ಒಗೆದ ಅಂಗಿಗಳಲ್ಲಿ ಉಳಿದಿದ್ದ ಕೊನೆಯದನ್ನು ಹಾಕಿ, ತಾನೇ ನಲ್ಲಿಗೆ ಜೋಡಿಸಿದ್ದ ಹೊಸ ಮಷೀನಿನ ಪಕ್ಕ ಕುರ್ಚಿ ಎಳೆದುಕೊಂಡು ಫೋನ್ ಮಾಡಿದ.

"ಹೇಳ್ರಿ," ಅಂದಳು.

ಓಟಿಪಿ ಕೇಳುವ ಹಾಗಿಲ್ಲ. ಬೇರೆ ಏನು ಕೇಳಬೇಕು? ಅಮರೇಶಪ್ಪ ಗೋಡೆ ನೋಡಿದ, ಕಿಟಕಿ ನೋಡಿದ. ಬೆವರಿದ.

"ಹೇಳ್ರೀ!"

ಗಾಬರಿಗೆ ಕೈ ಮಷೀನಿನ ಗುಂಡಿಗೆ ತಾಗಿತು. ಅದು ಒಮ್ಮೆ ನಡುಗಿ, ಗರಗರ ತಿರುಗತೊಡಗಿತು.

"ಏನದು ಸಪ್ಪಳ?"

"ಮಷೀನ್. ಬಟ್ಟಿ ಒಗಿಯಾಕತ್ತೈತಿ."

"ಹೌದಾ? ಕೇಳಸಾಕತ್ತೈತಿ."

ಇಬ್ಬರೂ ಕೇಳಿದರು. ಆ ಕಡೆ ತಂಗಿಯ ಕೂಸು ಒಂದು ಸಲ ಅತ್ತು ಸುಮ್ಮನಾಯಿತು. ಈ ಕಡೆ ನೀರು ಏಳುತ್ತಿತ್ತು, ಬೀಳುತ್ತಿತ್ತು. ಅವಳು ಫೋನ್ ಇಡಲಿಲ್ಲ. ಅವನೂ ಇಡಲಿಲ್ಲ. ಐದು ನಿಮಿಷವೋ ಹತ್ತು ನಿಮಿಷವೋ.

"ಗಂಗಾ," ಅಂದ ಅಮರೇಶಪ್ಪ.

"ಹೂಂ?"

"ಮನಿ ಭಾಳ ದೊಡ್ಡದಾಗೇತಿ."

ಆ ಕಡೆ ಮೂಗು ಏರಿಸಿಕೊಂಡ ಸದ್ದು ಕೇಳಿಸಿತು.

"ರೀ," ಅಂದಳು ಮೆಲ್ಲಗೆ.

"ಹಾಂ?"

"ಅದರಾಗ ಬಟ್ಟಿ ಹಾಕೀರಿಲ್ಲೋ?"

ಅಮರೇಶಪ್ಪ ತಿರುಗಿ ನೋಡಿದ. ತಿಂಗಳ ಕೊಳೆ ಬಟ್ಟೆಯೆಲ್ಲ ಬಚ್ಚಲ ಬಾಗಿಲಲ್ಲಿ, ಬಕೆಟ್ ತುಂಬ, ಒಣಗಿಕೊಂಡು ಹಾಗೇ ಕೂತಿತ್ತು.