ಕಾಗೆ ಮುಟ್ಟದ ಬರ್ಗರ್

ನೈರೋಬಿಯ ಕಾಗೆಗಳು ಬಿಳಿ ಬನಿಯನ್ ಹಾಕಿಕೊಂಡಿರುತ್ತವೆ. ಮೈಯೆಲ್ಲ ಕಪ್ಪು, ಎದೆ ಮಾತ್ರ ಒಗೆದು ಹರವಿದ ಹಾಗೆ ಬೆಳ್ಳಗೆ. ಮಾವನವರ ವರ್ಷದ ತಿಥಿಯ ದಿನ ಮೊದಲ ತಕರಾರು ಎದ್ದದ್ದೇ ಅದರಿಂದ. ನಂಜನಗೂಡಿನಿಂದ ಫೋನಿನ ಪರದೆಯಲ್ಲಿ ಕೂತು ಶ್ರಾದ್ಧ ಮಾಡಿಸುತ್ತಿದ್ದ ಗೋವಿಂದ ಭಟ್ಟರು, ಸೌತ್ ಬಿ ಬಡಾವಣೆಯ ನಮ್ಮ ತಾರಸಿಯ ನೀರಿನ ಟ್ಯಾಂಕಿನ ಮೇಲಿದ್ದ ಹಕ್ಕಿಯನ್ನು ಕನ್ನಡಕ ಏರಿಸಿ ನೋಡಿದರು.

"ಅದು ಕಾಗೆ ಹೌದೇನಮ್ಮಾ?"

"ಹೌದು ಭಟ್ಟರೇ. ಇಲ್ಲಿ ಹೀಗೇ ಇರೋದು."

"ಸರಿ. ಪಿತೃಗಳಿಗೆ ಗುರುತು ಸಿಕ್ಕರಾಯ್ತು."

ಗುರುತು ಸಿಗಲಿಲ್ಲ. ಹನ್ನೆರಡಕ್ಕೆ ಇಟ್ಟ ಪಿಂಡ ಒಂದೂವರೆಯಾದರೂ ಬಾಳೆಲೆಯ ಮೇಲೆ ಹಾಗೇ ಇತ್ತು. ಕಾಗೆ ಮುಟ್ಟುವ ತನಕ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ನನ್ನ ಗಂಡ ಕೌಸ್ತುಭ್ ಪಂಚೆಯುಟ್ಟು, ಬಿಸಿಲಿನಲ್ಲಿ, ಕಟ್ಟೆಗೆ ಒರಗಿ ನಿಂತಿದ್ದರು. ಔಷಧಿ ಕಾರ್ಖಾನೆಯಲ್ಲಿ ಮಾತ್ರೆಗಳ ಗುಣಮಟ್ಟ ನೋಡುವುದು ಅವರ ಕೆಲಸ. ಹೋದ ವರ್ಷ ಮೈಸೂರಿನ ಆಸ್ಪತ್ರೆಯಲ್ಲಿ ಮಾವ ಕೊನೆಯುಸಿರೆಳೆಯುವಾಗ ಅವರು ಯಾವುದೋ ವಿಮಾನ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ಕಾಯುತ್ತಿದ್ದರು. ಊರು ಮುಟ್ಟಿದಾಗ ಚಿಕ್ಕಪ್ಪನ ಮಗ ಬೆಂಕಿ ಕೊಟ್ಟು ಒಂದು ದಿನವಾಗಿತ್ತು. ಅಂದಿನಿಂದ ಅವರ ಮಾತು ಉಪ್ಪು, ಬೀಗದ ಕೈ, ಗ್ಯಾಸ್ ಸಿಲಿಂಡರುಗಳಿಗೆ ಸೀಮಿತವಾಗಿತ್ತು. ಇವತ್ತು ಕಾಗೆ ಮುಟ್ಟಿದರೆ ಎದೆಯ ಭಾರ ಸ್ವಲ್ಪ ಇಳಿಯಬಹುದೆಂದು ನಾನು ನಂಬಿಕೊಂಡಿದ್ದೆ.

"ಅದು ಮುಟ್ಟಲ್ಲ ಪ್ರಗತಿ" ಎಂದರು. "ನಾನು ಕೊಟ್ಟಿದ್ದು ಅಪ್ಪನಿಗೆ ಬೇಡ."

"ಹಾಗನ್ನಬಾರದು" ಎಂದರು ಫೋನಿನ ಭಟ್ಟರು. "ಏನೋ ಆಸೆ ಉಳಿದಿದೆ, ಅಷ್ಟೆ. ಅವರಿಗೆ ಇಷ್ಟವಾದ ತಿಂಡಿ ಯಾವುದಾದ್ರೂ ಮರೆತಿದೀರಾ, ನೆನಪು ಮಾಡ್ಕೊಳಿ. ಬೇಗ. ಇಲ್ಲಿ ನಾಲ್ಕು ಗಂಟೆ, ನನಗೂ ಹೊಟ್ಟೆ ಅಂತ ಒಂದಿದೆ."

ನಾನು ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ನಿವೃತ್ತ ಗಣಿತದ ಮೇಷ್ಟ್ರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಮಾವ ದತ್ತಾತ್ರೇಯನವರು, ಊರಿಗೆ ಮರಳುವ ಮುಂಚೆ ನಮ್ಮ ಮನೆಯಲ್ಲಿದ್ದ ಐದು ತಿಂಗಳೂ ಪ್ರತಿ ಮಂಗಳವಾರ ನನ್ನ ಜೊತೆ ಕದ್ದು ಬರ್ಗರ್ ತಿಂದಿದ್ದರು.

(ಓದುವವರು ಬೇಕಿದ್ದರೆ ಒಂದು ಗುಟುಕು ನೀರು ಕುಡಿದು ಬರಬಹುದು.)

ತಪ್ಪು ನನ್ನದೇ. ತಿಪಟೂರಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ, ಸೀದಾ ಈ ನಾಲ್ಕನೆಯ ಮಹಡಿಗೆ ಬಂದವಳು ನಾನು. ಕೆಲಸವಿಲ್ಲ, ಗೆಳತಿಯರಿಲ್ಲ. ಹಗಲೆಲ್ಲ ನನ್ನ ಜೊತೆ ಮಾತಾಡುತ್ತಿದ್ದದ್ದು ಕುಕ್ಕರ್ ಒಂದೇ, ಅದೂ ದಿನಕ್ಕೆ ಮೂರು ಮಾತು. ಒಂದು ಮಂಗಳವಾರ ಮಾವ ಪಂಚಾಂಗ ಮುಚ್ಚಿಟ್ಟು, "ಈ ಊರಲ್ಲಿ ಏನಮ್ಮಾ ತಿನ್ನೋಕೆ ಚೆನ್ನಾಗಿರುತ್ತೆ?" ಎಂದು ಕೇಳಿದರು. ನಾನು ಬಾಯಿ ತಪ್ಪಿ "ಬರ್ಗರ್" ಎಂದುಬಿಟ್ಟೆ.

"ನಡಿ ಹಾಗಾದ್ರೆ."

ಹೀಗೆ ನಮ್ಮ ದಿಗ್ವಿಜಯ ಯಾತ್ರೆ ಹೊರಟಿತು. ಊರ ನಡುವಿನ ಸಿಬಿಡಿಯ ಅಂಗಡಿಯದು ರಟ್ಟಿನಂತಿತ್ತು. ಮುಥೈಗಾ ಕಡೆಯ ಹೋಟೆಲಿನದು ಗೋಪುರದಷ್ಟು ಎತ್ತರ, ನೆತ್ತಿಗೊಂದು ಕಡ್ಡಿ. ಮಾವ ಅದನ್ನು ನಾಲ್ಕೂ ಕಡೆಯಿಂದ ನೋಡಿ, "ಮನುಷ್ಯನ ಬಾಯಿ ಇಷ್ಟು ಡಿಗ್ರಿ ತೆರೆಯಲ್ಲಮ್ಮಾ, ಇವರ ಲೆಕ್ಕ ತಪ್ಪಿದೆ" ಎಂದರು. ಕೊನೆಗೆ ಸಿಕ್ಕಿದ್ದು ಮನೆಯಿಂದ ಐದು ನಿಮಿಷದ ದಾರಿಯಲ್ಲಿ, ಮಟಾಟು ವ್ಯಾನುಗಳು ನಿಲ್ಲುವಲ್ಲಿ, ಎಸ್ತರ್ ಎಂಬಾಕೆಯ ತಗಡಿನ ಅಂಗಡಿ. ರಾಜ್ಮಾ ಕಾಳಿನ ಟಿಕ್ಕಿ, ಬೆಣ್ಣೆಯಲ್ಲಿ ಕೆಂಪಗೆ ಕಾದ ಬನ್ನು, ಅಂಚು ಕರಕಲಾದ ಈರುಳ್ಳಿ. ಮೊದಲ ತುತ್ತಿಗೇ ನಾನು ಕಣ್ಣು ಮುಚ್ಚಿದೆ. ಮಾವ ಬಾಟಲಿಯ ನೀರಿನಿಂದ ಬರ್ಗರ್ ಕಾಗದದ ಸುತ್ತ ಪರಿಷೇಚನೆ ಮಾಡಿದರು.

ಅಲ್ಲಿ ಕೂತರೆ ನನಗೆ ಮಾತು ಬರುತ್ತಿತ್ತು. ತಿಪಟೂರಿನ ಹಾಸ್ಟೆಲು, ಬರೆದು ಹರಿದ ಕವಿತೆಗಳು, ಸಂಜೆಯ ರೈಲಿನ ಸದ್ದು. ನನ್ನದು ತಿಂದು ಮುಗಿದ ಮೇಲೆ ಮಾವ, "ನೀನು ಹೋಗಿ ಸೊಪ್ಪು ತಗೊಂಡು ಬಾ, ನಾನು ನಿಧಾನಕ್ಕೆ ತಿಂತೀನಿ" ಎನ್ನುತ್ತಿದ್ದರು. ನಾನು ಪಕ್ಕದ ಸಾಲಿನಿಂದ ಸುಕುಮಾ ಸೊಪ್ಪಿನ ಕಟ್ಟು ತರುವಷ್ಟರಲ್ಲಿ ಬರ್ಗರ್ ಮಾಯ. ಕಾಗದ ಮಾತ್ರ ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆಯಾಗಿ ಮೇಜಿನ ಮೇಲಿರುತ್ತಿತ್ತು.

"ಹ್ಯಾಗಿತ್ತು ಮಾವ?"

"ಭೇಷಾಗಿತ್ತು. ಕೌಸ್ತುಭನಿಗೆ ಹೇಳ್ಬೇಡ."

ಅವರು ಹೋದ ಮೇಲೆ ಆ ಅಂಗಡಿಯ ಕಡೆ ಕಾಲೇ ಬರಲಿಲ್ಲ. ಬದಲಿಗೆ ಅದೇ ಬರ್ಗರನ್ನು ಮನೆಯಲ್ಲಿ ಸಾಕ್ಷಾತ್ಕರಿಸಿಕೊಳ್ಳುವ ತಪಸ್ಸಿಗೆ ಕೂತೆ. ಮೊದಲನೆಯದು ಕಾವಲಿಯ ಮೇಲೆ ಪಲ್ಯವಾಯಿತು. ಐದನೆಯದು ಕೈಜಾರಿ ಬಿದ್ದಾಗ ಕೆಳಗಿನ ಮನೆಯವರು ಮೇಲೆ ಬಂದು ವಿಚಾರಿಸಿದರು. ಬೆಂದ ಕಾಳನ್ನು ಬಾಣಲೆಯಲ್ಲಿ ಒಣಗಿಸಬೇಕು, ಪೂರ್ತಿ ಅರೆಯದೆ ಅರ್ಧ ಕಾಳನ್ನು ಕಾಳಾಗಿಯೇ ಬಿಡಬೇಕು, ತಟ್ಟಿ ತಣ್ಣಗಿಡಬೇಕು, ಕಬ್ಬಿಣದ ಕಾವಲಿ ಹೊಗೆಯಾಡಬೇಕು ಎಂಬುದು ತಿಳಿಯಲು ಹತ್ತು ತಿಂಗಳು ಹಿಡಿಯಿತು. ಹನ್ನೊಂದನೆಯದನ್ನು ಕೌಸ್ತುಭ್ ತಿಂದು "ಬೋಂಡಾ ಚೆನ್ನಾಗಿದೆ" ಎಂದರು. ಹನ್ನೆರಡನೆಯದರ ಟಿಕ್ಕಿಗಳು ಫ್ರೀಜರಿನಲ್ಲಿದ್ದವು.

ಕೆಳಗೆ ಓಡಿದೆ. ಬೆಣ್ಣೆಗೆ ಈರುಳ್ಳಿ ಬಿದ್ದದ್ದೇ ತಡ, ಅಡುಗೆಮನೆಯ ಬಾಗಿಲಲ್ಲಿ ಕೌಸ್ತುಭ್.

"ತಿಥಿ ದಿನ ಈರುಳ್ಳೀನಾ? ತಲೆ ಕೆಟ್ಟಿದೆಯೇನೇ ನಿಂಗೆ?"

"ಮಾವನಿಗೆ."

"ಅಪ್ಪ ಈರುಳ್ಳಿ ಅಂಗಡಿ ಮುಂದೆ ಮೂಗು ಮುಚ್ಕೊಂಡು ಓಡಾಡ್ತಿದ್ರು ಕಣೇ!"

ಹೇಳಿದೆ. ಐದು ತಿಂಗಳ ಮಂಗಳವಾರಗಳನ್ನೂ ಬಿಡದೆ ಹೇಳಿದೆ. ಅಷ್ಟರಲ್ಲಿ ಈರುಳ್ಳಿ ಸೀದುಹೋಯಿತು.

"ಖುಷಿಯಾಗಿ ತಿಂತಿದ್ರಾ?"

"ಭೇಷಾಗಿತ್ತು ಅಂತಿದ್ರು, ರೀ."

"ನಾನು ಐದು ತಿಂಗಳೂ ಉಪ್ಪು ಬೇಡ, ಸಕ್ಕರೆ ಬೇಡ ಅಂತ ಅಪ್ಪಂಗೆ ಹೇಳ್ತಾನೇ ಇದ್ದೆ" ಎಂದು ಗೋಡೆಗೆ ಹೇಳಿದರು. ಆಮೇಲೆ ಕೈ ಚಾಚಿದರು. "ಕೊಡು. ನಾನೇ ಇಡ್ತೀನಿ."

ತಾರಸಿಯಲ್ಲಿ ಭಟ್ಟರು ಪರದೆಗೆ ಮೂಗು ಹಚ್ಚಿದರು. "ಅದೇನಮ್ಮಾ, ಗುಂಡಗೆ?"

"ಒಂದು ನಮೂನೆ ವಡೆ, ಭಟ್ಟರೇ."

"ವಡೆಗೆ ಟೋಪಿ ಯಾಕೆ?"

"ಇಲ್ಲಿ ಚಳಿ."

ಕಾಗೆ ಇಳಿದು ಬಂತು. ಅದು ಬರ್ಗರಿಗೆ ಒಂದು ಸುತ್ತು ಬಂದು, ಮೇಲಿನ ಬನ್ನನ್ನು ಕೊಕ್ಕಿನಿಂದ ಎತ್ತಿ, ಒಳಗೆ ಇಣುಕಿ, ಮತ್ತೆ ಮುಚ್ಚಿಟ್ಟು ಹಾರಿಹೋಯಿತು. (ಒಂದು ವರ್ಷದ ತಪಸ್ಸಿಗೆ ಇಷ್ಟು ಚುಟುಕು ವಿಮರ್ಶೆ.)

ಕೌಸ್ತುಭರ ಮುಖ ನೋಡಲಾಗಲಿಲ್ಲ. "ಇದು ಆ ಅಂಗಡೀದಲ್ಲ, ಅದಕ್ಕೇ" ಎಂದರು. "ಅಲ್ಲಿಂದಲೇ ತಗೊಂಡು ಬಾ. ಪ್ಲೀಸ್."

ಉಟ್ಟ ಸೀರೆಯಲ್ಲೇ ಓಡಿದೆ. ಎಸ್ತರ್ ನನ್ನನ್ನು ನೋಡಿ, "ಎಷ್ಟು ದಿನವಾಯಿತು! ಬಾಬು ಎಲ್ಲಿ?" ಎಂದಳು. ಬಾಬು ಎಂದರೆ ಅಜ್ಜ. ಅರ್ಧ ಇಂಗ್ಲಿಷು, ಅರ್ಧ ಸ್ವಾಹಿಲಿಯಲ್ಲಿ ಹೇಳಿದೆ. ಅವಳು ಒಲೆ ಸಣ್ಣ ಮಾಡಿ ನನ್ನ ಕೈ ಹಿಡಿದುಕೊಂಡಳು.

"ಅವರಿಗೆ ಅಷ್ಟು ಇಷ್ಟವಿದ್ದದ್ದು, ಒಂದು ಕೊಡು" ಎಂದೆ.

ಎಸ್ತರ್ ನನ್ನನ್ನೇ ನೋಡಿದಳು. "ಬಾಬು ಒಂದು ದಿನವೂ ತಿಂದಿಲ್ಲ ಮಗಳೇ. ನೀನು ಸೊಪ್ಪಿಗೆ ಹೋದ ಕೂಡಲೇ ಎದುರು ಗೇಟಿನ ಕಾವಲಿನವನಿಗೆ ಕೊಡುತ್ತಿದ್ದರು. ಕಾಗದ ಮಾತ್ರ ವಾಪಸು ಇಸಿದುಕೊಳ್ಳುತ್ತಿದ್ದರು."

"ಮತ್ತೆ ಪ್ರತಿ ವಾರ ಯಾಕೆ ಬರ್ತಿದ್ರು?"

"ನಾನೂ ಕೇಳಿದೆ. ಮನೆಯಲ್ಲಿ ಈ ಹುಡುಗಿ ತುಟಿ ಬಿಚ್ಚಲ್ಲ, ಇಲ್ಲಿ ಬಾಯಿ ತುಂಬ ಮಾತಾಡ್ತಾಳೆ ಅಂದರು."

ಎದುರು ಗೇಟಿನಲ್ಲಿ ಕಾವಲಿನವನು ಕುರ್ಚಿಯಿಂದ ಎದ್ದು, ಟೋಪಿ ತೆಗೆದು, ನನಗೆ ತಲೆಬಾಗಿದ. ಒಂದು ವರ್ಷದಲ್ಲಿ ಸ್ವಲ್ಪ ಬಡವಾದಂತೆ ಕಂಡ.

ಬರ್ಗರ್ ಹಿಡಿದು ತಾರಸಿ ಹತ್ತಿದಾಗ ಅಲ್ಲಿ ಯಾರೂ ಇರಲಿಲ್ಲ. ಫೋನಿನ ಚಾರ್ಜು ಮುಗಿದು ಕೌಸ್ತುಭ್ ಭಟ್ಟರನ್ನು ಕೆಳಗೆ ಕೊಂಡೊಯ್ದಿದ್ದರು. ನಾನು ಟ್ಯಾಂಕಿನ ನೆರಳಿನಲ್ಲಿ ಕೂತೆ. ಅವರು ಮುಟ್ಟದ್ದನ್ನು ಎಲೆಗೆ ಹೇಗೆ ಬಡಿಸಲಿ? ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಕಾಗದ ಬಿಚ್ಚಿ ಕಚ್ಚಿದೆ. ಬಾಯಿ ತುಂಬಿಕೊಂಡೇ ಮಾವನನ್ನು ಬೈದೆ. ಮೊದಲೇ ಹೇಳಬಾರದಿತ್ತೇ, ನಿಮಗೆ ಅವಲಕ್ಕಿ ಕಟ್ಟಿಕೊಂಡು ಬರುತ್ತಿದ್ದೆನಲ್ಲ ಎಂದೆ. ಮನೆಯಲ್ಲಿ ಈಗ ನಾವಿಬ್ಬರೂ ತುಟಿ ಬಿಚ್ಚುವುದಿಲ್ಲ ಎಂದೂ ಹೇಳಿದೆ.

ಬಿಳಿ ಬನಿಯನ್ನಿನ ಕಾಗೆ ಇಳಿದು ಬಂತು. ನನ್ನ ಹನ್ನೆರಡನೆಯ ಬರ್ಗರನ್ನು ಬಳಸಿಕೊಂಡು ಹೋಗಿ, ಅನ್ನದ ಪಿಂಡಕ್ಕೆ ಬಾಯಿ ಹಾಕಿತು.

"ಮುಟ್ಟಿತು!" ಮೆಟ್ಟಿಲ ಬಳಿ ಫೋನು ಹಿಡಿದ ಕೌಸ್ತುಭ್. ಅವರು ಕಾಗೆಯ ಕೊಕ್ಕು ನೋಡಿದರು, ನನ್ನ ಉಬ್ಬಿದ ಕೆನ್ನೆ ನೋಡಿದರು. "ಕಾಗೆಗಿಂತ ಮುಂಚೆ ನೀನು ತಿಂತಿದೀಯಾ?"

"ನೋಡಿದ್ರಾ, ಟೋಪಿ ವಡೆ ಇಟ್ಟ ಮೇಲೇ ಮುಟ್ಟಿದ್ದು!" ಭಟ್ಟರು ಕೂಗಿದರು. "ಇನ್ನು ಪ್ರತಿ ವರ್ಷ ತಪ್ಪದೆ ಮಾಡಮ್ಮಾ!"

ನನ್ನ ಬಾಯಿ ತುಂಬಿತ್ತು. ಆಕ್ಷೇಪಿಸಲಾಗಲಿಲ್ಲ. ಕೌಸ್ತುಭ್ ನನ್ನ ಪಕ್ಕದಲ್ಲಿ ಕುಸಿದು ಕೂತು, ಒಂದು ವರ್ಷದ ಮೇಲೆ ಮೊದಲ ಸಲ, ಮಕ್ಕಳ ಹಾಗೆ ಅತ್ತರು. "ಅಪ್ಪ ಇಲ್ಲಿ ಒಂದಿಷ್ಟು ಸುಖವಾಗಿದ್ರು ಅಲ್ವಾ?" ಎಂದರು. ನಾನು ಹೂಂ ಎಂದೆ.

ಶನಿವಾರ ಅವರಿಗೆ ಅರ್ಧ ದಿನ. ಬಂದವರೇ, "ನಡಿ, ಅಪ್ಪನ ಅಂಗಡಿಗೆ. ಇನ್ನು ಪ್ರತಿ ವಾರ ಹೋಗೋಣ" ಎಂದರು. ಮೊದಲ ತುತ್ತಿಗೆ ಅವರ ಮುಖ ತಮ್ಮದೇ ಕಾರ್ಖಾನೆಯ ಮಾತ್ರೆಯನ್ನು ಅಗಿದಂತಾಯಿತು. "ಭೇಷಾಗಿದೆ" ಎಂದು ನುಂಗಿದರು. ನಾನು ಹಾಸ್ಟೆಲಿನ ಕಥೆ ಹೇಳಿದೆ, ಸಂಜೆಯ ರೈಲಿನ ಕಥೆ ಹೇಳಿದೆ. ಗಲ್ಲಕ್ಕೆ ಕೈಕೊಟ್ಟು ಕೇಳಿದರು. ನನ್ನದು ಮುಗಿಯಿತು. ಅವರದು ಒಂದು ಕಚ್ಚಿನ ಗಾಯದೊಡನೆ ಹಾಗೇ ಇತ್ತು.

"ನೀನು ಹೋಗಿ ಸೊಪ್ಪು ತಗೊಂಡು ಬಾ" ಎಂದರು ನನ್ನ ಗಂಡ. "ನಾನು ನಿಧಾನಕ್ಕೆ ತಿಂತೀನಿ."

ಚೀಲ ಹಿಡಿದು ಎದ್ದೆ. ಎದುರು ಗೇಟಿನಲ್ಲಿ ಕಾವಲಿನವನು ಆಗಲೇ ಕುರ್ಚಿಯಿಂದ ಎದ್ದು, ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ.