ದೊರೆಸಾನಿಯ ಬಾಲ

ಮಂಚದಡಿ ಇರಲಿಲ್ಲ. ಬೀರುವಿನ ಹಿಂದೆ ಇರಲಿಲ್ಲ. ಬಚ್ಚಲಮನೆ ಬಾಗಿಲಿನ ಸಂದಿಗೆ ಟಾರ್ಚು ಬಿಟ್ಟು ನೋಡಿದ, ಅಲ್ಲೂ ಇರಲಿಲ್ಲ. ಗುಮಾಸ್ತ ಹೊಟ್ಟೆಯ ಮೇಲೆ ತೆವಳುತ್ತ ಹೊಸ್ತಿಲವರೆಗೆ ಬಂದಾಗ ಮೂಗಿನ ಮುಂದೆ ಎರಡು ಚಪ್ಪಲಿ ಕಂಡವು. ತಲೆ ಎತ್ತಿದರೆ ಮೇಲಿನ ಮನೆಯ ತಾತ.

"ಏನಪ್ಪಾ ಹುಡುಕ್ತಿದೀಯ?"

"ಬಾಲ."

"ಯಾರದು?"

"ಮೇಡಂದು... ಅಲ್ಲ, ಮೇಡಂ ಬೆಕ್ಕಿಂದು."

ತಾತ ಕುರ್ಚಿ ಎಳೆದುಕೊಂಡು ಕೂತರು. ನಲವತ್ತು ವರ್ಷ ನ್ಯಾಯಾಲಯದಲ್ಲಿ ಸಾಕ್ಷಿಗಳ ಹೆಸರು ಕೂಗಿ ನಿವೃತ್ತರಾದವರು. ಬಡಾವಣೆಯ ಜನ ಅವರನ್ನು ಕೋರ್ಟು ತಾತ ಎಂದೇ ಕರೆಯುತ್ತಿದ್ದರು. "ನಡೆದದ್ದು ನಡೆದ ಹಾಗೆ ಹೇಳು. ಅಳಬೇಡ. ಅತ್ತರೆ ಹೇಳಿಕೆ ತೂಕ ಕಳ್ಕೊಳ್ಳುತ್ತೆ."

ನಡೆದದ್ದು ಇಷ್ಟೇ. ಗುಮಾಸ್ತನ ವರ್ಗಾವಣೆ ಆದೇಶ ಮ್ಯಾನೇಜರ್ ಮೇಡಂ ಮೇಜಿನ ಮೇಲಿತ್ತು. ಹೊಸ ಶಾಖೆ ಒಂದು ಹಗಲಿನ ಪ್ರಯಾಣದಷ್ಟು ದೂರ. ಹೆಂಡತಿ ಇದೇ ಊರಿನ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾದ ಹನ್ನೊಂದು ವರ್ಷಕ್ಕೆ ಈಗಷ್ಟೇ ಇಬ್ಬರಿಗೂ ಒಂದೇ ಊರಿನಲ್ಲಿ ಕೆಲಸ ಸಿಕ್ಕಿತ್ತು. "ಈ ನೌಕರ ಇಲ್ಲಿಗೇ ಬೇಕು" ಎಂದು ಮೇಡಂ ಒಂದು ಸಾಲು ಬರೆದರೆ ಆದೇಶ ನಿಲ್ಲುತ್ತಿತ್ತು. ಕೇಳಿದ್ದಕ್ಕೆ ಅವರು "ಸೋಮವಾರ ನೋಡೋಣ" ಎಂದಿದ್ದರು. ಹಾಗೆನ್ನುವಾಗ ಅವರ ಕೈಯಲ್ಲಿ ಒಂದು ಬುಟ್ಟಿಯಿತ್ತು. ಮೇಡಂ ಒಂದು ದಿನದ ಮಟ್ಟಿಗೆ ಮುಖ್ಯ ಕಚೇರಿಯ ಸಭೆಗೆ ಹೋಗಬೇಕಿತ್ತು.

ಬುಟ್ಟಿಯಲ್ಲಿದ್ದದ್ದು ದೊರೆಸಾನಿ. ಬೂದಿ ಬಣ್ಣ, ಮ್ಯಾಂಕ್ಸ್ ತಳಿ, ಯಾವುದೋ ದ್ವೀಪದ ವಂಶ. ಅಪ್ಪ, ಅಜ್ಜ, ಮುತ್ತಜ್ಜನ ಹೆಸರಿದ್ದ ವಂಶಪತ್ರ ಬೇರೆ. ಗುಮಾಸ್ತನಿಗೆ ತನ್ನ ಮುತ್ತಜ್ಜನ ಹೆಸರು ಗೊತ್ತಿರಲಿಲ್ಲ. ಶನಿವಾರ ಸಂಜೆ ಶಾಲಿನಲ್ಲಿ ಸುತ್ತಿಕೊಂಡು ಬಂದ ದೊರೆಸಾನಿ ಬುಟ್ಟಿ ತೆರೆದ ಕ್ಷಣವೇ ಮಂಚದಡಿ ಹೊಕ್ಕಳು. ಬೆಳಗಿನವರೆಗೆ ಕಂಡದ್ದು ಎರಡು ಹಸಿರು ದೀಪ ಮಾತ್ರ. ಬೆಳಿಗ್ಗೆ ಅವನು ಬಚ್ಚಲಮನೆ ಬಾಗಿಲು ಹಾಕುವಾಗ ಅವಳು ಬಾಣದ ಹಾಗೆ ಒಳಗಿಂದ ಹಾರಿ ಬಂದಳು. ಬಾಗಿಲು ಬಡಿಯಿತು. ಮೆಟ್ಟಿಲ ಮೇಲಿಂದ ಹಾರ್ಮೋನಿಯಂ ಉರುಳಿದಂಥ ಒಂದು ಕೂಗು. ಕೂಗಿದ್ದು ಬೆಕ್ಕೋ ತಾನೋ ಎಂಬುದು ಅವನಿಗೂ ಖಚಿತವಿರಲಿಲ್ಲ, ಏಕೆಂದರೆ ಊದಿದ್ದು ಅವನ ಹೆಬ್ಬೆರಳು. ಆದರೆ ತಿರುಗಿ ನೋಡಿದರೆ ದೊರೆಸಾನಿಯ ಹಿಂಭಾಗ ಹತ್ತಿಯುಂಡೆಯ ಹಾಗೆ ದುಂಡಗಿತ್ತು. ಬಾಲ ಇರಬೇಕಾದ ಕಡೆ ಬರೀ ಗಾಳಿ.

"ರಕ್ತ?" ಎಂದರು ತಾತ.

"ಒಂದು ತೊಟ್ಟೂ ಇಲ್ಲ."

"ಬಾಗಿಲು ಹೊಸದು. ಚೊಕ್ಕವಾಗಿ ಕತ್ತರಿಸಿರುತ್ತೆ."

"ದುಬಾರಿ ಬೆಕ್ಕು ನೋಡಿ, ಗಾಯಾನೂ ಬೇಗ ಮಾಯುತ್ತೆ." ಇದು ಹಿಂದಿನಿಂದ ಬಂದ ದನಿ. ಕೆಳಗಿನ ಅಂಗಡಿಯ ದರ್ಜಿ ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಕೈಯಲ್ಲಿ ಕತ್ತರಿ ಹಿಡಿದು ನಿಂತಿದ್ದ. ಊಟಕ್ಕೆ ಕೂತಾಗಲೂ ಆ ಕತ್ತರಿಯನ್ನು ಅವನು ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದ.

"ಮೇಡಂ ಏನಾದ್ರೂ ಬರೆದು ಕೊಟ್ಟಿದಾರಾ?" ತಾತ ಕೇಳಿದರು.

"ಹನ್ನೊಂದು ಪುಟ. ಓದಿದೀನಿ."

ಓದಿದ್ದು ನಿಜ, ಕಚೇರಿಯಲ್ಲಿ ಫೈಲು ಓದುವ ಹಾಗೆ. ಟಪಾಲು ವಿಭಾಗದಲ್ಲಿ ಹದಿನೆಂಟು ವರ್ಷ ದುಡಿದವನಿಗೆ ಮೊದಲ ಪುಟದ ವಿಷಯ, ಕೊನೆಯ ಪುಟದ ಸಹಿ, ಇವೆರಡು ಸಾಕು. ನಡುವಿನ ಹಾಳೆಗಳು ಇರುವುದು ಫೈಲಿಗೆ ತೂಕ ಬರಲೆಂದು. ಮೊದಲ ಪುಟದಲ್ಲಿ ಊಟದ ವೇಳೆಯಿತ್ತು, ಕೊನೆಯದರಲ್ಲಿ ಮೇಡಂ ಫೋನ್ ನಂಬರು.

ಭಾನುವಾರ, ಪಶುವೈದ್ಯರ ಬಾಗಿಲಿಗೆ ಬೀಗ. ಒಳಕೋಣೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹೆಂಡತಿ ಮಲಗಿದ್ದಳು. ಅವಳನ್ನು ಎಬ್ಬಿಸುವುದಕ್ಕಿಂತ ವರ್ಗವಾಗಿ ಹೋಗುವುದೇ ಸುಲಭ. ಅಷ್ಟರಲ್ಲಿ ಫೋನು ಕುಂಯ್‌ಗುಟ್ಟಿತು. ಮೇಡಂ ಸಂದೇಶ: "ದೊರೆಸಾನಿ ಹೇಗಿದ್ದಾಳೆ? ಒಂದು ಫೋಟೊ ಕಳಿಸಿ."

ಮೂವರೂ ದೊರೆಸಾನಿಯನ್ನು ನೋಡಿದರು. ದೊರೆಸಾನಿ ಮೂವರಿಗೂ ಬೆನ್ನು ತಿರುಗಿಸಿ ಕೂತಳು.

"ಮುಖ ಮಾತ್ರ ತೆಗೀಲಾ?"

"ಅರ್ಧ ಫೋಟೊ ಅಂದ್ರೆ ಅರ್ಧ ಹೇಳಿಕೆ," ಎಂದರು ತಾತ. "ಅನುಮಾನ ಹುಟ್ಟೋದೇ ಅಲ್ಲಿ. ಪೂರ್ತಿ ಮೈ ಕಾಣ್ಬೇಕು."

ದರ್ಜಿ ಒಂದು ಕಣ್ಣು ಮುಚ್ಚಿ ಬೆಕ್ಕಿನ ಹಿಂಭಾಗವನ್ನು ಅಳೆದ. "ಅಂಗಡೀಲಿ ಒಂದು ಹಳೇ ಕೋಟಿದೆ. ಕಾಲರಿಗೆ ತುಪ್ಪಳ. ಇದೇ ಬಣ್ಣ. ಕೊಟ್ಟು ಹೋದವರು ಆರು ವರ್ಷ ಆಯ್ತು, ಬಂದಿಲ್ಲ."

ಅರ್ಧ ಗಂಟೆಯಲ್ಲಿ ಬಾಲ ಸಿದ್ಧವಾಯಿತು. ಒಳಗೆ ತಂತಿ ಇಟ್ಟು ತುದಿಯನ್ನು ಚೂರು ಬಾಗಿಸಿದ್ದ ದರ್ಜಿ, ಠೀವಿಗೆ. ಹೆಂಡತಿಯ ಆಸ್ಪತ್ರೆ ಚೀಲದಿಂದ ಪ್ಲಾಸ್ಟರ್ ತೆಗೆದು ಗಟ್ಟಿಯಾಗಿ ಅಂಟಿಸಿದರು. ದೊರೆಸಾನಿ ಹಿಂದೆ ತಿರುಗಿ ಅದನ್ನು ಕಂಡು, ಮನೆಗೆ ಹೇಳದೆ ಬಂದ ನೆಂಟನನ್ನು ನೋಡುವಂತೆ ನೋಡಿದಳು. ಫೋಟೊ ಹೋಯಿತು. ಉತ್ತರ ಬರಲಿಲ್ಲ.

"ಈಗ ಸಾಕ್ಷಿ," ಎಂದರು ತಾತ. ದರ್ಜಿಯನ್ನು ಗೋಡೆಗೆ ನಿಲ್ಲಿಸಿದರು. "ಬಾಲ ಯಾವಾಗಿಂದ ಇದೆ?"

"ನಿನ್ನೆ ಬಂದಾಗಿಂದ್ಲೂ ಇದೆ."

"ಹೇಗೆ ಗೊತ್ತು?"

"ಕಣ್ಣಾರೆ ನೋಡಿದೀನಿ."

"ನೀನೇ ಹೊಲಿದದ್ದು ಅಂತಾರಲ್ಲ?"

"ನಾನಾ? ಅಂಗಿ ಹೊಲಿಯೋನು ನಾನು."

"ಭೇಷ್. ನೆನಪಿಟ್ಕೊ, ಇವನೇ ಹೆದರಿ ಎಲ್ಲಾ ಒಪ್ಕೊಂಡುಬಿಟ್ರೂ ನೀನು ಬಿಡಬೇಡ. ಕೇಸು ಉಳಿಯೋದೇ ಅಂಥ ಸಾಕ್ಷಿಯಿಂದ."

ದರ್ಜಿ ಪಾಠ ಒಪ್ಪಿಸುತ್ತಲೇ ಕೆಳಗಿಳಿದು ಗಿರಾಕಿಯೊಬ್ಬರ ಮನೆಗೆ ಅಳತೆ ತೆಗೆಯಲು ಹೋದ. ತಾತ ಊಟಕ್ಕೆ ಹೋದರು. ಗುಮಾಸ್ತ ಮತ್ತು ದೊರೆಸಾನಿ ಇಬ್ಬರೇ ಉಳಿದರು.

ವಿಚಿತ್ರವೆಂದರೆ ಆ ಮಧ್ಯಾಹ್ನ ಅವನಿಗೆ ಹಿತವಾಗಿಯೇ ಕಳೆಯಿತು. ಬೆಕ್ಕಿನ ಹಿಂಗಾಲು ಮುಂಗಾಲಿಗಿಂತ ಉದ್ದವಿದೆ, ಅದು ಓಡುವುದಿಲ್ಲ, ಮೊಲದ ಹಾಗೆ ಕುಪ್ಪಳಿಸುತ್ತದೆ ಎಂಬುದನ್ನು ಅವನು ಆಗ ಗಮನಿಸಿದ. ನಲ್ಲಿಯನ್ನು ಸಣ್ಣಗೆ ಬಿಟ್ಟರೆ ನೀರಿನ ಎಳೆಯನ್ನು ಹಿಡಿಯಲು ಪಂಜ ಚಾಚುತ್ತಿತ್ತು, ಸಿಗದಿದ್ದಾಗ ಅವನ ಮುಖ ನೋಡುತ್ತಿತ್ತು. ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ಬಾಲ್ಕನಿಗೆ ಹೋದರೆ ಬಾಲ್ಕನಿಗೆ ಹಿಂದೆಯೇ ಬಂತು. ಕೊನೆಗೆ ಅವನ ಒಂದು ಕಾಲುಚೀಲ ಕಚ್ಚಿ ತಂದು ಪಾದದ ಮೇಲೆ ಹಾಕಿತು. "ಹೆಂಡ್ತಿ ಹನ್ನೊಂದು ವರ್ಷದಲ್ಲಿ ಈ ಕೆಲಸ ಮಾಡಿಲ್ಲ ಕಣೇ," ಎಂದು ಗುಮಾಸ್ತ ಅದರ ಗಲ್ಲ ಸವರಿದ. ಹೊಲಿದ ಬಾಲ ಹಿಂದೆ ಕಂಬದಂತೆ ನಿಂತೇ ಇತ್ತು.

ಮೂರು ಗಂಟೆಗೆ ಹೆಂಡತಿ ಎದ್ದು ಬಂದಳು. ಕಾಫಿ ಲೋಟ ಹಿಡಿದು, ಮೇಜಿನ ಮೇಲಿದ್ದ ಹನ್ನೊಂದು ಪುಟಗಳನ್ನು ಒಂದೊಂದಾಗಿ ತಿರುವಿದಳು. ಅವಳದು ನರ್ಸಿನ ಓದು; ಒಂದು ಸಾಲು ಬಿಟ್ಟರೆ ಒಂದು ಜೀವ ಹೋಗಬಹುದು. ಐದನೇ ಪುಟಕ್ಕೆ ಬಂದು ನಿಂತಳು. ಬೆಕ್ಕನ್ನು ನೋಡಿದಳು. ಮತ್ತೆ ಪುಟ ನೋಡಿದಳು.

"ರೀ, ಇದಕ್ಕೆ ಬಾಲ ಎಲ್ಲಿಂದ ಬಂತು?"

"ಎಲ್ಲಿಂದ ಅಂದ್ರೆ?"

"ಇಲ್ಲಿ ಬರೆದಿದಾರಲ್ಲ. ಈ ತಳಿಗೆ ಹುಟ್ಟಿನಿಂದ್ಲೇ ಬಾಲ ಇರಲ್ಲ. ಆ ಜಾಗದಲ್ಲಿ ಒಂದು ಸಣ್ಣ ಗುಳಿ ಇರುತ್ತೆ, ಅಷ್ಟೆ. ಅದಕ್ಕೇ ಇದು ಅಪರೂಪ."

ಗುಮಾಸ್ತ ಕುರ್ಚಿಯಲ್ಲಿ ಕುಸಿದ. ಎದ್ದ. ನಕ್ಕ. ಬೆಕ್ಕಿನ ಹಣೆಗೆ ಮುತ್ತಿಟ್ಟ. ತಾತನನ್ನು ಕೂಗಿ ಕರೆದ. ಹೆಂಡತಿ ಬೈಯುತ್ತಲೇ ಪ್ಲಾಸ್ಟರ್ ಕಿತ್ತಳು. ಒಳ್ಳೆಯ ಆಸ್ಪತ್ರೆಯ ಪ್ಲಾಸ್ಟರ್. ಜೊತೆಗೆ ಅಂಗೈಯಗಲದಷ್ಟು ಕೂದಲೂ ಬಂತು, ಚರ್ಮ ಕೆಂಪಗಾಯಿತು. ಅವಳು ಅಲ್ಲಿಗೆ ನೇರಳೆ ಬಣ್ಣದ ಔಷಧಿ ಬಳಿದಳು. ಗುಳಿ ಅದರಡಿ ಮುಳುಗಿತು.

"ಈಗಲೇ ಮೇಡಂಗೆ ಫೋನ್ ಮಾಡಿ ಇದ್ದದ್ದು ಹೇಳಿಬಿಡಿ."

ಮಾಡಿದ. ಸ್ವಿಚ್ ಆಫ್.

"ಒಳ್ಳೇದೇ ಆಯ್ತು," ಎಂದರು ತಾತ. "ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ಹಾಳಾದವರನ್ನ ನಲವತ್ತು ವರ್ಷ ನೋಡಿದೀನಿ. ಆ ಬಾಲ ಇಲ್ಲಿ ಕೊಡು." ಅದನ್ನು ಹಿತ್ತಲಿಗೆ ಒಯ್ದು ಹಳೆಯ ಡಬ್ಬದಲ್ಲಿ ಹಾಕಿ ಬೆಂಕಿ ಇಟ್ಟು, ಬೂದಿಯನ್ನು ಕೋಲಿನಿಂದ ಕೆದಕಿ ನೋಡಿ, ನೆಮ್ಮದಿಯಿಂದ ಸಂಜೆಯ ನಡಿಗೆಗೆ ಹೊರಟುಹೋದರು. ಐದೂವರೆಗೆ ಹೆಂಡತಿ ಪಾಳಿಗೆ ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಸೋಮವಾರ ಆದೇಶ ನಿಂತ್ರೆ ಆ ಕಿಟಕಿಗೆ ಹೊಸ ಪರದೆ ಹಾಕೋಣ," ಎಂದಳು.

ಆರು ಗಂಟೆಗೆ ಮೇಡಂ ಬಂದರು. ಬರಬೇಕಿದ್ದದ್ದು ಒಂಬತ್ತಕ್ಕೆ.

ಅವರು ಕೂರಲಿಲ್ಲ. ದೊರೆಸಾನಿಯನ್ನು ನೋಡಿದರು. ಮುಖ ಅರಳಿತು, ಹತ್ತಿರ ಹೋದರು, ಹಿಂಭಾಗ ಕಂಡರು, ಮುಖ ಮುದುಡಿತು. ಫೋನು ತೆರೆದು ಗುಮಾಸ್ತನ ಮುಂದೆ ಹಿಡಿದರು. ಫೋಟೊದಲ್ಲಿ ಬಾಲ ಬಾವುಟದ ಹಾಗೆ ನಿಂತಿತ್ತು.

"ಸಭೆ ಮುಗಿಸಿ ನಾಲ್ಕು ಗಂಟೆಗೆ ನೋಡಿದೆ. ಇದು ಯಾವ ಬೆಕ್ಕು?"

"ಇದೇ ಮೇಡಂ. ಅದು ಹೊಲಿದ ಬಾಲ."

"ತೋರಿಸಿ."

"ಸುಟ್ಟುಬಿಟ್ವಿ."

ಮೇಡಂ ತುಂಬ ಮೆತ್ತಗೆ ಉಸಿರು ಬಿಟ್ಟರು. ಆಗಲೇ ಬಾಗಿಲಲ್ಲಿ ದರ್ಜಿ ಕಾಣಿಸಿಕೊಂಡ. ಅಳತೆ ಮುಗಿಸಿ ಈಗಷ್ಟೇ ಬಂದಿದ್ದ. ಮಧ್ಯಾಹ್ನದ ಸುದ್ದಿ ಅವನಿಗೆ ಯಾರೂ ಹೇಳಿರಲಿಲ್ಲ. ಹೊರಗೆ ನಿಂತಿದ್ದ ಕಾರು, ಒಳಗೆ ನಿಂತಿದ್ದ ಮೇಡಂ, ಇಷ್ಟೇ ಸಾಕಾಯಿತು.

"ಮೇಡಂ, ಬಾಲ ನಿನ್ನೆ ಬಂದಾಗಿಂದ್ಲೂ ಇದೆ. ಕಣ್ಣಾರೆ ನೋಡಿದೀನಿ."

"ಅಣ್ಣಾ, ಬಿಡಿ," ಗುಮಾಸ್ತ ಅಂಗಲಾಚಿದ. "ನಿಜ ಹೇಳಿ. ನೀವೇ ಹೊಲಿದದ್ದಲ್ವಾ?"

ದರ್ಜಿ ಅವನನ್ನು ಕನಿಕರದಿಂದ ನೋಡಿದ. ತಾತ ಹೇಳಿದ್ದ ಗಳಿಗೆ ಇದೇ. ಪಾಪ, ಹೆದರಿ ಒಪ್ಪಿಕೊಳ್ಳುತ್ತಿದ್ದಾನೆ. ಎದೆ ಸೆಟೆಸಿ ಹೇಳಿದ: "ನಾನಾ? ಅಂಗಿ ಹೊಲಿಯೋನು ನಾನು."

ಮೇಡಂ ಕಣ್ಣು ದರ್ಜಿಯ ಕೈಯ ಕತ್ತರಿಗೆ ಹೋಯಿತು. ಅಲ್ಲಿಂದ ಮೇಜಿನ ಮೇಲಿನ ಪ್ಲಾಸ್ಟರಿಗೆ, ನೇರಳೆ ಔಷಧಿಯ ಸೀಸೆಗೆ, ತೆರೆದಿದ್ದ ಐದನೇ ಪುಟಕ್ಕೆ.

"ಅಂದ್ರೆ ನನ್ನ ದೊರೆಸಾನಿನ ಕಳ್ಕೊಂಡ್ರಿ," ಎಂದರು ನಿಧಾನವಾಗಿ. "ಅವಳ ಹಾಗೇ ಇರೋ ಬೀದಿ ಬೆಕ್ಕು ಹಿಡಿದು ಫೋಟೊ ಕಳಿಸಿದ್ರಿ. ಆಮೇಲೆ ಈ ಪುಟ ಓದಿದ್ರಿ. ಓದಿ... ಇವರನ್ನ ಕರೆಸಿದ್ರಿ. ನಿಮ್ಮ ಮನೆಯವರು ನರ್ಸಲ್ವಾ?"

"ಮೇಡಂ, ದೇವರಾಣೆಗೂ..."

"ಏಳನೇ ಪುಟ ಓದಿದೀರಾ? ಅವಳು ಒಬ್ಬರನ್ನ ಹಚ್ಚಿಕೊಂಡ್ರೆ ಅವರ ಕಾಲು ಬಿಡಲ್ಲ. ನೋಡೇಬಿಡೋಣ." ಮೇಡಂ ಮಂಡಿಯೂರಿ ಕೂತು ಕೈ ಚಾಚಿದರು. "ದೊರೆಸಾನೀ, ಬಾಮ್ಮಾ."

ದೊರೆಸಾನಿ ಚಾಚಿದ ಕೈಯನ್ನು ನೋಡಿದಳು. ತನ್ನನ್ನು ಬುಟ್ಟಿಯಲ್ಲಿ ಹಾಕಿ ಪರರ ಮನೆಯಲ್ಲಿ ಬಿಟ್ಟುಹೋದ ಕೈ ಅದು. ಮೂರು ಸಲ ಕುಪ್ಪಳಿಸಿ, ಸೋಫಾದ ಕೆಳಗಿನಿಂದ ಕಾಲುಚೀಲ ಕಚ್ಚಿ ತಂದು ಗುಮಾಸ್ತನ ಪಾದದ ಮೇಲೆ ಹಾಕಿ, ಅವನ ಕಣಕಾಲಿಗೆ ಒರಗಿ ಕೂತಳು.

ಮೇಡಂ ಎದ್ದು ನಿಂತರು. ಕಣ್ಣೊರೆಸಿಕೊಂಡರು. "ನಿಮ್ಮ ವರ್ಗಾವಣೆ ಆದೇಶ ನಾಳೆ ಬೆಳಿಗ್ಗೇನೇ ಕೈಗೆ ಸಿಗುತ್ತೆ."

ಗುಮಾಸ್ತ ಬಗ್ಗಿ ದೊರೆಸಾನಿಯನ್ನು ಎತ್ತಿಕೊಂಡ. ಬುಟ್ಟಿಯಲ್ಲಿ ಶಾಲು ಹಾಸಿ ಕೂರಿಸಿದ, ವಂಶಪತ್ರವನ್ನೂ ಹನ್ನೊಂದು ಪುಟಗಳನ್ನೂ ಪಕ್ಕದಲ್ಲಿಟ್ಟ, ಎರಡೂ ಕೈಯಿಂದ ಬುಟ್ಟಿಯನ್ನು ಮುಂದೆ ಚಾಚಿದ. ಒಳಗಿನಿಂದ ಒಂದು ಪಂಜ ಬಂದು ಅವನ ಹೆಬ್ಬೆರಳನ್ನು ಹಿಡಿದುಕೊಂಡಿತು.

"ನಿಮ್ಮ ದೊರೆಸಾನೀನೇ ಇದು ಮೇಡಂ. ದಯವಿಟ್ಟು ತಗೊಂಡು ಹೋಗಿ."

"ಬೇಡ," ಎಂದರು ಮೇಡಂ.